ಕಾಪುವಿನ ದೀಪ, ಒಬ್ಬ ಹುಡುಗನ ಮಳೆಗಾಲ

ಮಾನ್ಯರೇ,

ಮಕ್ಕಳಿಗಾಗಿ ನೀವು ಬರೆದ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಮಲ್ಪೆ ಬಂದರಿನಿಂದ ಮೀನುಗಾರಿಕೆಗೆ ಹೋದ ತಂದೆ ಮರಳದೆ, ಕಾಪುವಿನ ಮನೆಯಲ್ಲಿ ಅಮ್ಮ ಮತ್ತು ಅಜ್ಜಿಯೊಂದಿಗೆ ಉಳಿದ ಹನ್ನೊಂದರ ಹುಡುಗನ ಈ ಕಥೆ ಪುಸ್ತಕವಾಗಬೇಕೆಂಬುದು ನನ್ನ ಆಸೆ. ಆದರೆ ಈಗಿನ ರೂಪದಲ್ಲಿ ಸ್ವೀಕರಿಸಲಾರೆ.

ಹುಡುಗ ಅಳುವ ಮೊದಲೇ ದೀಪಸ್ತಂಭ, ಕಾಗೆ, ಒಡೆದ ದೋಣಿ, ನಕ್ಷತ್ರಗಳೆಲ್ಲ ಅವನ ಪರವಾಗಿ ಅತ್ತುಬಿಡುತ್ತವೆ. ದೀಪಸ್ತಂಭವೆಂದರೆ ಭರವಸೆ ಎಂದು ಅಜ್ಜಿಯಿಂದ ಹೇಳಿಸಿದ ಮೇಲೆ ಓದುವ ಮಗುವಿಗೆ ಕಂಡುಕೊಳ್ಳಲು ಏನು ಉಳಿಯಿತು? 1901ರಿಂದ ಬಂಡೆಯ ಮೇಲೆ ನಿಂತಿರುವ ಆ ಸ್ತಂಭಕ್ಕೆ ತನ್ನದೇ ಕೆಲಸವಿದೆ. ಪ್ರತಿ ದೀಪಸ್ತಂಭದ ಬೆಳಕಿಗೂ ಅದರದೇ ಲಯವಿದ್ದು, ಮಿನುಗುವ ಅಂತರವನ್ನು ಎಣಿಸಿ ಕಡಲಲ್ಲಿರುವವರು ಅದು ಎಲ್ಲಿಯ ದೀಪವೆಂದು ಗುರುತಿಸಬಲ್ಲರು. ಅಪ್ಪ ಕಲಿಸಿದ ಆ ಎಣಿಕೆಯನ್ನು ಹುಡುಗ ನಿದ್ದೆ ಬಾರದ ರಾತ್ರಿ ಒಬ್ಬನೇ ಮಾಡಲಿ, ಒಮ್ಮೆ ಲೆಕ್ಕ ತಪ್ಪಲಿ. ಅಷ್ಟು ಸಾಕು.

ಇನ್ನೊಂದು ದೋಷ ಗಂಭೀರವಾದದ್ದು. ತಂದೆಯ ಟ್ರಾಲ್ ಬೋಟು ಜುಲೈಯಲ್ಲಿ ಮುಳುಗುತ್ತದೆ ಎಂದು ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯ ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ. ದುರಂತವನ್ನು ಮೇ ತಿಂಗಳಿಗೆ ತನ್ನಿ. ಆಗ ನೀವು ಹುಡುಕುತ್ತಿದ್ದ ದುಃಖ ತಾನಾಗಿ ಒದಗಿಬರುತ್ತದೆ. ಉಳಿದ ತಿಂಗಳುಗಳಲ್ಲಿ ಅಪ್ಪ ಮನೆಯಲ್ಲಿಲ್ಲದಿರುವುದು ಆ ಕೇರಿಯ ಎಲ್ಲ ಮಕ್ಕಳಿಗೂ ರೂಢಿಯೇ. ಮಳೆಗಾಲದಲ್ಲಿ ಮಾತ್ರ ಅಪ್ಪಂದಿರು ಜಗಲಿಯಲ್ಲಿ ಕುಳಿತು ಹರಿದ ಬಲೆ ಸರಿಪಡಿಸುತ್ತ, ಮಕ್ಕಳನ್ನು ಗದರುತ್ತ ಮನೆಯಲ್ಲಿರುತ್ತಾರೆ. ನಿಮ್ಮ ಹುಡುಗನ ಜಗಲಿ ಖಾಲಿಯಾಗಿ ಕಾಣುವುದು ಆಗ.

ಕಾಗೆಯ ಪ್ರಸಂಗದ ಬಗ್ಗೆ ಹೇಳಲೇಬೇಕು. ದೇಹ ಸಿಗದಿದ್ದರೂ ಉತ್ತರಕ್ರಿಯೆ ಮುಗಿಸೋಣವೆಂದು ಅಜ್ಜಿ ಎಡೆ ಇಡುತ್ತಾರೆ. ಕಾಗೆ ಮುಟ್ಟುವ ಮೊದಲೇ ಅಮ್ಮ ಎಲೆಯನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಇಡೀ ಹಸ್ತಪ್ರತಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಎರಡು ಸಾಲು. ಅದರ ಬೆನ್ನಿಗೇ ಬರುವ, ಕಾಗೆಯ ಅರ್ಥ ವಿವರಿಸುವ ಪರಿಚ್ಛೇದವನ್ನು ದಯವಿಟ್ಟು ಹೊಡೆದುಹಾಕಿ. ಆ ರಾತ್ರಿ ಅಮ್ಮ ಆ ಅನ್ನವನ್ನು ಏನು ಮಾಡಿದಳು, ಹುಡುಗ ಅದನ್ನು ನೋಡಿದನೇ ಎಂಬುದನ್ನು ಬರೆಯಿರಿ.

ಅಪ್ಪ ನಕ್ಷತ್ರವಾಗುವ ಕೊನೆಯ ಅಧ್ಯಾಯ ಬೇಡ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಹೊರಡುವ ದಿನ ಹುಡುಗ ಬಂದರಿಗೆ ಹೋಗುತ್ತಾನೋ ಇಲ್ಲವೋ ಎಂಬುದನ್ನು ಮೊದಲು ನಿರ್ಧರಿಸಿ, ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.