ಹಾಡುವ ಮಗಳು, ಕಾಯುವ ಅಪ್ಪ

‘ಈ ಹಾಡಿನ ಹುಚ್ಚು ಬಿಡಿಸಿ ಮೇಡಂ’ ಎಂದು ಆಪ್ತಸಲಹೆಗೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಈಗ ಜಾಸ್ತಿಯಾಗಿದ್ದಾರೆ. ಕಥೆ ಹೆಚ್ಚುಕಮ್ಮಿ ಒಂದೇ. ಡಿಗ್ರಿ ಓದುವ ಮಗ ಅಥವಾ ಮಗಳು, ಗಣಪತಿ ಹಬ್ಬದ ರಸಮಂಜರಿ, ಮನೆಯಲ್ಲಿ ರಂಪ. ಅಂಥದ್ದೊಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಅರಕಲಗೂಡು ಕಡೆಯವಳು. ಹಾಸನದಲ್ಲಿ ಬಿಕಾಂ ಕೊನೆಯ ವರ್ಷ. ಆರ್ಕೆಸ್ಟ್ರಾ ತಂಡವೊಂದರ ಜೊತೆ ಹಾಡಲು ಹೋದವಳು ಮನೆ ಸೇರಿದ್ದು ಮಧ್ಯರಾತ್ರಿ ದಾಟಿದ ಮೇಲೆ. ಅಪ್ಪ ಫೋನ್ ಕಿತ್ತಿಟ್ಟುಕೊಂಡರು. ಅವಳು ಊಟ ಬಿಟ್ಟಳು. ನನ್ನ ಹತ್ತಿರ ಬಂದಾಗ ಇಬ್ಬರೂ ಮಾತು ಬಿಟ್ಟಿದ್ದರು.

ಬೇರೆಬೇರೆಯಾಗಿ ಮಾತಾಡಿಸಿದಾಗ ಇಬ್ಬರೂ ಹೇಳಿದ್ದು ನಿರೀಕ್ಷಿಸಿದ್ದನ್ನೇ. ‘ಅಪ್ಪನಿಗೆ ಸಂಗೀತ ಅಂದ್ರೆ ಆಗಲ್ಲ’ ಎಂದಳು ಮಗಳು. ‘ಹಾಡಿದ್ರೆ ಹೊಟ್ಟೆ ತುಂಬುತ್ತಾ?’ ಎಂದರು ಅಪ್ಪ. ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿದೆ.

‘ನಮ್ಮ ಮನೇಲಿ ಯಾರೂ ಹಾಡಿದವರಿಲ್ಲ’ ಎಂದು ಅಪ್ಪ ಶುರು ಮಾಡಿದರು. ‘ರುದ್ರಪಟ್ಟಣದವರಾದ್ರೆ ಸರಿ. ಅವರಿಗೆ ಮನೆತನದಿಂದಲೇ ಬಂದಿದೆ. ನಮಗೆ ಎಲ್ಲಿಂದ?’

‘ನಾನೇನು ಕಛೇರಿ ಮಾಡ್ತೀನಿ ಅಂದ್ನಾ?’ ಮಗಳಿಗೆ ಸಿಟ್ಟು ಬಂತು.

‘ಅವಳು ಹಾಡೋದನ್ನ ನೀವು ಕೇಳಿದ್ದೀರಾ?’ ಎಂದೆ.

‘ಕೇಳಿದ್ದೀನಿ. ಚೆನ್ನಾಗಿ ಹಾಡ್ತಾಳೆ.’

ಮಗಳು ತಲೆ ಎತ್ತಿ ನೋಡಿದಳು. ಅಪ್ಪ ನನ್ನ ಕಡೆಯೇ ನೋಡುತ್ತಾ ಮುಂದುವರಿಸಿದರು. ‘ಆವತ್ತು ರಾತ್ರಿ ಸ್ಟಾಪಲ್ಲಿ ಬೈಕ್ ನಿಲ್ಲಿಸ್ಕೊಂಡು ಕೂತಿದ್ದೆ. ಕೊನೇ ಬಸ್ಸೂ ಬಂತು, ಇವಳು ಇಳೀಲಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್. ಆ ತಂಡದವರು ಯಾರು, ಎಂಥವರು, ಒಂದೂ ಗೊತ್ತಿಲ್ಲ. ಸಂಗೀತದ ಮನೆಯವರಾಗಿದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಿರ್ತಿತ್ತು. ನಾನು ಯಾರನ್ನ ಕೇಳ್ಲಿ ಮೇಡಂ?’

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವರು ಹೇಳಿದ್ದರಲ್ಲಿ ದೊಡ್ಡ ನಿಜ ಇದೆ. ರುದ್ರಪಟ್ಟಣ ಇರುವುದು ಅವರದೇ ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ. 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಜೋಡಿ ಗಾಯಕರಾದ ರುದ್ರಪಟ್ಟಣ ಸಹೋದರರ ಊರು. ಇಂಥ ಸಂಗೀತದ ಮನೆಗಳಲ್ಲಿ ಮಕ್ಕಳಿಗೆ ಪಾಠದ ಜೊತೆ ಇನ್ನೂ ಎಷ್ಟೋ ಸಿಗುತ್ತದೆ. ದೊಡ್ಡವರ ಹಿಂದೆ ತಂಬೂರಿ ಹಿಡಿದು ಕೂರುವ ಅವಕಾಶ, ಯಾರ ಜೊತೆ ಹೋಗಬಹುದು ಎಂಬ ತಿಳಿವಳಿಕೆ, ಸಂಭಾವನೆ ಕೇಳುವ ರೀತಿ. ಅಂಗಡಿ ಇಟ್ಟುಕೊಂಡವರ ಮಗಳಿಗೆ ಇದನ್ನೆಲ್ಲ ಕೊಡುವವರು ಯಾರು? ಊರಿನಲ್ಲಿರುವ ಸಣ್ಣ ಸಭಾಂಗಣಗಳೇ ಕೊಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹಾಸನದಲ್ಲಿ ಕೆಲವು ಸಂಗೀತಪ್ರಿಯರು ಸೇರಿ ನಡೆಸುವ ಅಂಥ ಒಂದು ಜಾಗ ನನಗೆ ಗೊತ್ತಿತ್ತು. ಹಾಸನಾಂಬ ಕಲಾಕ್ಷೇತ್ರದ ಹಾಗೆ ದೊಡ್ಡದಲ್ಲ. ಒಂದು ಮಹಡಿ, ಪ್ಲಾಸ್ಟಿಕ್ ಕುರ್ಚಿಗಳು, ಚಿಕ್ಕ ಸೌಂಡ್ ಮಿಕ್ಸರ್. ಶನಿವಾರ ಸಂಜೆ ಶುರುವಾದರೆ ಎಂಟರೊಳಗೆ ಮುಗಿಸುತ್ತಾರೆ, ಹಳ್ಳಿಯವರಿಗೆ ಬಸ್ಸು ಸಿಗಲಿ ಎಂದು.

ನಾನು ಹೇಳಿದ್ದು ಇಷ್ಟು. ಡಿಗ್ರಿ ಮುಗಿಯಲಿ. ಅಲ್ಲಿಯವರೆಗೆ ಶನಿವಾರ ಆ ಸಭಾಂಗಣಕ್ಕೆ ಹೋಗು. ಮೊದಲ ಆರು ತಿಂಗಳು ಮೈಕ್ ಮುಂದೆ ನಿಲ್ಲುವ ಆತುರ ಬೇಡ, ಸೌಂಡ್ ನೋಡಿಕೊಳ್ಳುವವರ ಪಕ್ಕ ಕೂತು ಕಲಿ. ಕೇಬಲ್ ಸುತ್ತುವುದು, ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಇಡುವ ಜಾಗ, ಮೈಕ್ ಕುಂಯ್ ಅನ್ನದ ಹಾಗೆ ನೋಡಿಕೊಳ್ಳುವುದು, ಯಾರು ಎಷ್ಟು ಮನೆ ಶ್ರುತಿಯಲ್ಲಿ, ಅಂದರೆ ಎಷ್ಟು ಎತ್ತರದ ದನಿಯಲ್ಲಿ, ಹಾಡುತ್ತಾರೆ ಎಂದು ಬರೆದಿಡುವುದು. ಆಮೇಲೆ ಒಂದೆರಡು ಹಾಡು. ಹೊರಗಿನ ಕಾರ್ಯಕ್ರಮ ಒಪ್ಪುವ ಮೊದಲು ಸಂಭಾವನೆ ಎಷ್ಟು, ವಾಪಸ್ ಬರುವ ಗಾಡಿ ಯಾರದು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳು. ಟಿವಿಯಲ್ಲಿ ಅವಕಾಶ ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ಒಂದು ಪೈಸೆ ಕೊಡಬೇಡ. ಅಪ್ಪನಿಗೂ ಒಂದು ಕೆಲಸ ಕೊಟ್ಟೆ: ಮೊದಲ ಕೆಲವು ಶನಿವಾರ ನೀವೂ ಹೋಗಿ ಕೂರಿ, ಅಲ್ಲಿರುವವರನ್ನು ಮಾತಾಡಿಸಿ.

ಹಾಡಬೇಕು ಎಂದು ಬಂದ ಹುಡುಗಿಯನ್ನು ವೈರು ಸುತ್ತಲು ಕಳಿಸಿದಿರಾ ಎಂದು ಪರಿಚಿತರೊಬ್ಬರು ಆಕ್ಷೇಪಿಸಿದರು. ನಾನು ಈ ಸಲಹೆಯನ್ನು ಬಿಟ್ಟುಕೊಡುವುದಿಲ್ಲ. ಅವಳ ಕಂಠ ಎಷ್ಟು ದೂರ ಹೋಗುತ್ತದೆ ಎಂದು ಹೇಳಲು ನಾನು ಯಾರು? ಆದರೆ ಒಬ್ಬರು ಹಾಡಬೇಕಾದರೆ ಹಿಂದೆ ಎಷ್ಟು ಜನ ದುಡಿಯುತ್ತಾರೆ ಎಂಬುದು ನನಗೆ ಗೊತ್ತಿದೆ. ಸೌಂಡ್, ಲೈಟ್, ಕೀಬೋರ್ಡ್, ರಿದಂ ಪ್ಯಾಡ್, ಕಾರ್ಯಕ್ರಮ ಹೊಂದಿಸುವವರು. ಇವೆಲ್ಲವೂ ಸಂಗೀತದ ಕೆಲಸಗಳೇ ಅಲ್ವಾ? ಹುಡುಗಿಯರಿಗೆ ಈ ಕೆಲಸಗಳಿವೆ ಎಂದು ಯಾರೂ ತೋರಿಸುವುದೇ ಇಲ್ಲ. ಇನ್ನೊಂದು ಮಾತು. ರಿಯಾಲಿಟಿ ಶೋ ಆಡಿಷನ್ನಿನಲ್ಲಿ ಒಂದು ದಿನ ಸೋತರೆ ಬಾಗಿಲು ಮುಚ್ಚಿತು ಅನ್ನಿಸುತ್ತದೆ. ಊರಿನ ಸಭಾಂಗಣದಲ್ಲಿ ಈ ಶನಿವಾರ ಶ್ರುತಿ ತಪ್ಪಿದರೆ ಮುಂದಿನ ಶನಿವಾರ ಮತ್ತೆ ಹೋಗಬಹುದು. ಇಪ್ಪತ್ತು ವರ್ಷದವರಿಗೆ ಇದು ತುಂಬಾ ಬೇಕು.

ಅಪ್ಪ ಹೋದರು. ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗಲಿಲ್ಲ ಎಂದು ಮೊದಲ ದಿನವೇ ನಡೆಸುವವರ ಹತ್ತಿರ ದೂರು ಹೇಳಿ ಬಂದರಂತೆ. ಆ ಕಾರಣಕ್ಕೇ ಅವರ ಪರಿಚಯವೂ ಆಯಿತು. ಮಗಳು ಈಗ ಮದುವೆ ಛತ್ರಗಳ ಹಗಲಿನ ಕಾರ್ಯಕ್ರಮಗಳಿಗೆ ಸೌಂಡ್‌ನವರ ಜೊತೆ ಹೋಗುತ್ತಾಳೆ, ಸ್ವಲ್ಪ ಸಂಪಾದನೆಯೂ ಇದೆ. ಸಭಾಂಗಣದಲ್ಲಿ ಹಾಡುತ್ತಾಳೆ. ಆಕಾಶವಾಣಿಯ ಸುಗಮ ಸಂಗೀತ ಧ್ವನಿ ಪರೀಕ್ಷೆಗೆ ತಯಾರಿ ಮಾಡಿಕೊಳ್ಳುತ್ತಿದ್ದಾಳೆ. ಅಲ್ಲಿ ‘ಬಿ’ ಶ್ರೇಣಿ ಸಿಕ್ಕರೂ ಕಲಾವಿದೆ ಎಂಬ ಗುರುತು ಸಿಗುತ್ತದೆ.

ಗಣಪತಿ ಸೀಸನ್ನಿನ ರಾತ್ರಿ ಕಾರ್ಯಕ್ರಮಗಳ ಬಗ್ಗೆ ಮಾತ್ರ ಇನ್ನೂ ಒಮ್ಮತ ಇಲ್ಲ. ಹತ್ತು ಗಂಟೆಗೆ ಮೈಕ್ ಬಂದ್ ಆಗಬೇಕು ಎಂಬ ನಿಯಮ ಇದೆ ಎಂದು ಮಗಳು ವಾದಿಸುತ್ತಾಳೆ. ಹಬ್ಬದ ದಿನಗಳಲ್ಲಿ ಹನ್ನೆರಡರವರೆಗೆ ವಿನಾಯಿತಿ ಕೊಡುತ್ತಾರೆ ಎಂಬುದು ಅಪ್ಪನಿಗೂ ಗೊತ್ತು. ತಂಡದ ಗಾಡಿಯಲ್ಲಿ ಇನ್ನೊಬ್ಬ ಹೆಣ್ಣುಮಗಳಿದ್ದು, ಮನೆ ಬಾಗಿಲಿಗೇ ಬಿಡುವುದಾದರೆ ಯೋಚನೆ ಮಾಡುತ್ತೇನೆ ಎಂದಿದ್ದಾರೆ. ತಂಡದವರನ್ನು ಕೇಳಿಕೊಂಡು ಬಾ ಎಂದು ಅವಳಿಗೆ ಹೇಳಿದ್ದೇನೆ.