ಕೇಳಿ, ಮಾತಾಡುವ: ಹ್ಯಾರಿ ಪಾಟರ್ ಓದುವ ಮನೆಗಳಿಂದ ಬಂದ ಪ್ರಶ್ನೆಗಳು

ಹ್ಯಾರಿ ಪಾಟರ್ ಬಗ್ಗೆ ಏನಾದ್ರೂ ಕೇಳ್ಲಿಕ್ಕಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹಾಕಿದ್ದೆವು. ಮಕ್ಕಳಿಗಿಂತ ಮನೆಯ ದೊಡ್ಡವರದ್ದೇ ಪತ್ರ ಜಾಸ್ತಿ ಬಂತು, ನಂಗೆ ಅದು ಭಾರೀ ಖುಷಿ. ಓದದವರಿಗೆ ಚಿಕ್ಕದಾಗಿ ಹೇಳುದಾದ್ರೆ, ಇದು ಜೆ.ಕೆ. ರೌಲಿಂಗ್ ಅವರ ಏಳು ಪುಸ್ತಕ, 1997ರಲ್ಲಿ ಮೊದಲನೇದು ಬಂದು 2007ರಲ್ಲಿ ಕೊನೇದು ಬಂತು. ಅಪ್ಪ ಅಮ್ಮನನ್ನು ಕಳ್ಕೊಂಡು ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲಿನ ಕೆಳಗಿನ ಗೂಡಲ್ಲಿ ಮಲಗಿ ಬೆಳೆದ ಹುಡುಗ, ತಾನು ಮಂತ್ರವಾದಿ ಅಂತ ಹನ್ನೊಂದನೇ ವರ್ಷಕ್ಕೆ ಗೊತ್ತಾಗಿ ಹಾಗ್ವಾರ್ಟ್ಸ್ ಅನ್ನುವ ಬೋರ್ಡಿಂಗ್ ಶಾಲೆಗೆ ಹೋಗುವ ಕಥೆ.

ಪ್ರಶ್ನೆ: ಅಕ್ಕಾ, ಮಗನ ಎಸ್ಸೆಸ್ಸೆಲ್ಸಿ ಮುಗೀತು. ಪಿಸಿಎಂಬಿ ತಗೊಳ್ಳಲಿ ಅಂತ ನಮ್ಮ ಆಸೆ, ಅವನ ಅಜ್ಜಿಗಂತೂ ಡಾಕ್ಟರೇ ಆಗ್ಬೇಕು. ಅವನಿಗೆ ಕಾಮರ್ಸ್ ಬೇಕಂತೆ. ಆ ವಿಷಯ ತೆಗೆದ್ರೆ ಸಾಕು, ರೂಮಿಗೆ ಹೋಗಿ ಹ್ಯಾರಿ ಪಾಟರ್ ಹಿಡ್ಕೊಂಡು ಕೂತ್ಕೊಳ್ತಾನೆ. ಅದ್ರಲ್ಲಿ ಕಲೀಲಿಕ್ಕೆ ಎಂತ ಉಂಟು?
— ಒಬ್ಬ ತಾಯಿ, ಕಾಪು

ಉತ್ತರ: ಅವನು ಓದುವ ಪುಸ್ತಕದಲ್ಲೇ ನಿಮ್ಮ ಮನೆ ಕಥೆ ಉಂಟು ಮಾರಾಯ್ರೆ, ಸ್ವಲ್ಪ ಕೇಳಿ. ಹ್ಯಾರಿಯ ಕ್ಲಾಸಲ್ಲಿ ನೆವಿಲ್ ಲಾಂಗ್‌ಬಾಟಮ್ ಅಂತ ಒಬ್ಬ ಹುಡುಗ. ಅವನ ಅಪ್ಪ ಅಮ್ಮನನ್ನು ದುಷ್ಟರು ಹಿಂಸೆ ಕೊಟ್ಟು ಕೊಟ್ಟು ಬುದ್ಧಿ ಕಳ್ಕೊಳ್ಳುವ ಹಾಗೆ ಮಾಡಿದ್ದಾರೆ, ಇಬ್ರೂ ಆಸ್ಪತ್ರೆಯಲ್ಲೇ ಇರುದು. ಸಾಕಿದ್ದು ಅಜ್ಜಿ. ಆ ಅಜ್ಜಿಗೆ ಮೊಮ್ಮಗ ಥೇಟ್ ತನ್ನ ಮಗನ ಹಾಗೆ ಆಗ್ಬೇಕು. ಎಷ್ಟರ ಮಟ್ಟಿಗೆ ಅಂದ್ರೆ ಹುಡುಗನ ಕೈಯಲ್ಲಿರುವ ಮಂತ್ರದಂಡ ಕೂಡ ಅಪ್ಪನದ್ದೇ, ಮಂತ್ರದಂಡ ತನ್ನ ಯಜಮಾನನನ್ನು ತಾನೇ ಆರಿಸ್ತದೆ ಅಂತ ಮೊದಲ ಪುಸ್ತಕದಲ್ಲೇ ಹೇಳಿರುವಾಗ್ಲೂ ಇವನಿಗೆ ಮಾತ್ರ ಅಂಗಡಿಗೆ ಹೋಗಿ ತನ್ನದೊಂದು ತಗೊಳ್ಳುವ ಭಾಗ್ಯ ಇಲ್ಲ. ಐದು ವರ್ಷ ಅದನ್ನೇ ಹಿಡ್ಕೊಂಡು ಕ್ಲಾಸಲ್ಲಿ ಬೈಗುಳ ತಿಂದ. ಅವನಿಗೆ ಚಂದ ಬರುದು ಗಿಡಮೂಲಿಕೆ ಪಾಠ ಒಂದೇ.

ಆರನೇ ಪುಸ್ತಕದಲ್ಲಿ ಸಬ್ಜೆಕ್ಟ್ ಆರಿಸುವ ದಿನ ಬರ್ತದೆ, ನಮ್ಮಲ್ಲಿ ಫಸ್ಟ್ ಪಿಯುಸಿ ಅಡ್ಮಿಷನ್ ಹಾಗೇ. ಮೆಕ್‌ಗೊನಗಲ್ ಅನ್ನುವ ಸ್ಟ್ರಿಕ್ಟ್ ಟೀಚರ್, ಅವರ ಸಬ್ಜೆಕ್ಟಿಗೆ ನೆವಿಲ್‌ನ ಗ್ರೇಡ್ ಸಾಲುದಿಲ್ಲ. ನಿಂಗೆ ಇದು ಇಷ್ಟ ಉಂಟಾ ಅಂತ ಕೇಳಿದ್ರೆ ಹುಡುಗ ಹೇಳುದು, ಅಜ್ಜಿಗೆ ಬೇಕು ಅಂತ. ನಿಂಗೆ ಮಂತ್ರದ ಪಾಠದಲ್ಲಿ ಒಳ್ಳೆ ಗ್ರೇಡ್ ಉಂಟಲ್ಲ, ಅದನ್ನೇ ತಗೋ ಅಂದ್ರೆ, ಅದು ಸುಲಭದ ಸಬ್ಜೆಕ್ಟ್ ಅಂತ ಅಜ್ಜಿ ಹೇಳ್ತಾರೆ ಅಂತಾನೆ. ಆಗ ಆ ಟೀಚರ್ ಹೇಳುದು ಕೇಳಿ: ನಿನ್ನ ಅಜ್ಜಿ ಆ ಪರೀಕ್ಷೆಯಲ್ಲಿ ಫೇಲಾಗಿದ್ದು, ನಾನೇ ಅವರಿಗೆ ಬರೆದು ನೆನಪು ಮಾಡ್ತೇನೆ, ತನ್ನ ಮನಸ್ಸಲ್ಲಿರುವ ಮೊಮ್ಮಗನನ್ನು ಬಿಟ್ಟು ಇರುವ ಮೊಮ್ಮಗನ ಬಗ್ಗೆ ಹೆಮ್ಮೆ ಪಡ್ಲಿಕ್ಕೆ ಅವರು ಕಲೀಬೇಕು. ಇಡೀ ಏಳು ಪುಸ್ತಕದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟದ ಜಾಗ ಇದೇ.

ಆ ಹಳೇ ಮಂತ್ರದಂಡ ಒಂದು ಹೊಡೆದಾಟದಲ್ಲಿ ತುಂಡಾಗಿ ಹುಡುಗನಿಗೆ ತನ್ನದೇ ಹೊಸತು ಸಿಕ್ತದೆ, ಕೊನೆಗೆ ಕಥೆಯ ದೊಡ್ಡ ದುಷ್ಟ ವೋಲ್ಡೆಮಾರ್ಟ್‌ನ ಹಾವನ್ನು ಕತ್ತಿಯಲ್ಲಿ ಕಡಿಯುದೂ ಇವನೇ, ಅದೇ ಶಾಲೆಯಲ್ಲಿ ಗಿಡಮೂಲಿಕೆಯ ಪ್ರೊಫೆಸರ್ ಆಗುದೂ ಇವನೇ.

ಪಿಯುಸಿ ರಿಸಲ್ಟಲ್ಲಿ ಉಡುಪಿ, ದಕ್ಷಿಣ ಕನ್ನಡ ಅಂತ ನಮ್ಮ ಎರಡು ಜಿಲ್ಲೆ ಒಂದು-ಎರಡು ಬರುದು ಈಗ ಅಭ್ಯಾಸವೇ ಆಗಿದೆ, 2025ರಲ್ಲೂ ಉಡುಪಿ 93.90 ಪರ್ಸೆಂಟಲ್ಲಿ ಫಸ್ಟ್, ಹೆಮ್ಮೆಯೇ. ಆದ್ರೆ ಆ ಪರ್ಸೆಂಟಿನ ಒಳಗೆ ಅಪ್ಪನ ಮಂತ್ರದಂಡ ಹಿಡ್ಕೊಂಡವರು ಎಷ್ಟು ಮಂದಿ ಇರಬಹುದು ಅಂತ ಯೋಚಿಸಿದ್ರೆ ನಂಗೆ ಸಂಕಟ ಆಗ್ತದೆ. ಮತ್ತೆ ಕಾಮರ್ಸ್ ಕಮ್ಮಿ ಅಂತ ಯಾರು ಹೇಳಿದ್ದು? ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಐದೂ ಹುಟ್ಟಿದ್ದು ಉಡುಪಿ ಮಂಗಳೂರಲ್ಲೇ. ಅಜ್ಜಿಗೆ ಇದನ್ನೂ ಹೇಳಿ, ಮತ್ತೆ ಮಗನ ರೂಮಿಗೆ ಹೋಗಿ ನೆವಿಲ್ ಕಥೆ ಅವನ ಬಾಯಲ್ಲೇ ಕೇಳಿ.

ಪ್ರಶ್ನೆ: ನಾವು ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿ ಬೆಳೆದವರು. ಮೊಮ್ಮಗಳು ಕೋಲು ಹಿಡ್ಕೊಂಡು ಎಂತೆಂತದೋ ಮಂತ್ರ ಹೇಳ್ತಾ ಮನೆಯಿಡೀ ತಿರುಗ್ತಾಳೆ. ಪರದೇಶದ ಮಾಟ ಮಂತ್ರ ನಮ್ಮ ಮಕ್ಕಳಿಗೆ ಬೇಕಾ?
— ಒಬ್ಬ ಅಜ್ಜ, ಕೋಟ

ಉತ್ತರ: ಹೆದರಬೇಡಿ ಅಜ್ಜ. ದೇವಿಮಹಾತ್ಮೆ ಆಟದಲ್ಲಿ ದೊಂದಿ ಬೆಳಕಲ್ಲಿ ಮಹಿಷಾಸುರ ಆರ್ಭಟಿಸಿಕೊಂಡು ಜನರ ನಡುವಿಂದ ಬರುವಾಗ ಅಮ್ಮನ ಸೆರಗಲ್ಲಿ ಮುಖ ಅಡಗಿಸುವ ಮಕ್ಕಳೇ, ಆಮೇಲೆ ವೇಷ ಕಟ್ಟುವ ಚೌಕಿಗೆ ಹೋಗಿ ಬಣ್ಣ ತೆಗೆಯುದನ್ನು ಬಗ್ಗಿ ಬಗ್ಗಿ ನೋಡುದು. ವೇಷ ಯಾವುದು ಮನುಷ್ಯ ಯಾವುದು ಅಂತ ಅವರಿಗೆ ಗೊತ್ತುಂಟು.

ಮತ್ತೆ ಈ ಪುಸ್ತಕದಲ್ಲಿ ಮಂತ್ರಕ್ಕೆ ಎಲ್ಲಾ ಆಗುದಿಲ್ಲ, ಸತ್ತವರನ್ನು ವಾಪಸ್ ತರ್ಲಿಕ್ಕೆ ಆಗುದೇ ಇಲ್ಲ. ಮೊದಲ ಪುಸ್ತಕದಲ್ಲಿ ಮನಸ್ಸಿನ ಆಸೆ ತೋರಿಸುವ ಒಂದು ಕನ್ನಡಿ ಬರ್ತದೆ. ಹ್ಯಾರಿಗೆ ಅದ್ರಲ್ಲಿ ಅಪ್ಪ ಅಮ್ಮ ಕಾಣ್ತಾರೆ, ರಾತ್ರಿ ರಾತ್ರಿ ಹೋಗಿ ಅದರ ಎದುರು ಕೂತ್ಕೊಳ್ತಾನೆ. ಐದು ಅಣ್ಣಂದಿರ ನೆರಳಲ್ಲಿ ಬೆಳೆದ ಅವನ ಫ್ರೆಂಡ್ ರಾನ್‌ಗೆ ಅದೇ ಕನ್ನಡಿಯಲ್ಲಿ ಕಾಣುದು ತಾನೊಬ್ಬನೇ, ಕಪ್ ಗೆದ್ದು ನಿಂತದ್ದು! ಹೆಡ್‌ಮಾಸ್ಟರ್ ಡಂಬಲ್‌ಡೋರ್ ಬಂದು, ಇದ್ರ ಎದುರು ಕೂತು ಬದುಕನ್ನೇ ಮರೆತವರು ತುಂಬಾ ಮಂದಿ ಇದ್ದಾರೆ, ನಾಳೆ ಇದನ್ನು ಬೇರೆ ಕಡೆ ಇಡಿಸ್ತೇನೆ, ನೀನು ಹುಡುಕಬೇಡ ಅಂತಾರೆ. ಪೆಟ್ಟು ಇಲ್ಲ, ಬೈಗುಳವೂ ಇಲ್ಲ.

ನೀವೊಂದು ಕೆಲಸ ಮಾಡಿ ಅಜ್ಜ. ಅವಳಿಗೆ ಬಭ್ರುವಾಹನನ ಪ್ರಸಂಗ ಹೇಳಿ, ಮಗನ ಕೈಯಲ್ಲೇ ಸತ್ತ ಅರ್ಜುನ ಉಲೂಪಿಯ ಮಣಿಯಿಂದ ಏಳುದು. ಅವಳು ನಿಮಗೆ ಏಳನೇ ಪುಸ್ತಕದ ಕಲ್ಲಿನ ಕಥೆ ಹೇಳಲಿ, ಅದ್ರಲ್ಲಿ ಸತ್ತವರು ನೆರಳಿನ ಹಾಗೆ ಬರುದು ಮಾತ್ರ, ಕೊನೆಗೆ ಹ್ಯಾರಿ ಅದನ್ನು ಕಾಡಲ್ಲೇ ಬಿಟ್ಟು ಹೋಗ್ತಾನೆ. ಯಾವುದು ಸರಿ ಅಂತ ಇಬ್ರೂ ಸೇರಿ ವಾದ ಮಾಡಿ. ಸಾಲಿಗ್ರಾಮದ ಮಕ್ಕಳ ಮೇಳ ನಿಮ್ಮ ಹತ್ರವೇ ಅಲ್ವಾ, ಆಟ ಇದ್ದಾಗ ಕರ್ಕೊಂಡು ಹೋಗಿ.

ಪ್ರಶ್ನೆ: ಸೆಕೆಂಡ್ ಪಿಯು, ಕಾಲೇಜು, ನೀಟ್ ಕೋಚಿಂಗ್, ಸಿಇಟಿ, ಸಂಡೇ ಟೆಸ್ಟ್. ಹರ್ಮಾಯಿನಿ ಹಾಗೆ ಎಲ್ಲಾ ಮ್ಯಾನೇಜ್ ಮಾಡ್ಬೇಕು ಅಂತ ಆಸೆ, ಆಗ್ತಾ ಇಲ್ಲ ಅಕ್ಕಾ.
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಮಗಾ, ಹ್ಯಾರಿಯ ಫ್ರೆಂಡ್ ಆ ಹರ್ಮಾಯಿನಿಗೂ ಆಗ್ಲಿಲ್ಲ. ಮೂರನೇ ಪುಸ್ತಕ ಇನ್ನೊಂದು ಸಲ ತೆಗೆದು ನೋಡು. ಎಲ್ಲಾ ಸಬ್ಜೆಕ್ಟ್ ತಗೊಂಡು, ಗಂಟೆಗಳನ್ನು ಹಿಂದೆ ತಿರುಗಿಸುವ ಯಂತ್ರವನ್ನೇ ಕುತ್ತಿಗೆಗೆ ಹಾಕ್ಕೊಂಡು ಒಂದೇ ಹೊತ್ತಿಗೆ ಎರಡೆರಡು ಕ್ಲಾಸಲ್ಲಿ ಕೂತವಳು. ಪಾಪ, ಪುಸ್ತಕದ ಮೇಲೇ ನಿದ್ದೆ ಹೋಗಿ ಕ್ಲಾಸ್ ತಪ್ಪಿತು, ಫ್ರೆಂಡ್ಸ್ ಹತ್ರ ಜಗಳ ಆಯ್ತು, ಭವಿಷ್ಯ ಹೇಳುವ ಕ್ಲಾಸಿಂದ ಒಂದಿನ ಬ್ಯಾಗ್ ಎತ್ಕೊಂಡು ಎದ್ದೇ ಹೋದ್ಲು, ಮತ್ತೆ ಅಳು. ವರ್ಷದ ಕೊನೆಗೆ ಆ ಯಂತ್ರ ವಾಪಸ್ ಕೊಟ್ಟು ಎರಡು ಸಬ್ಜೆಕ್ಟ್ ಬಿಟ್ಟ ಮೇಲೂ ಕ್ಲಾಸಿನ ಜಾಣೆ ಅವಳೇ. ಒಂದು ಸಂಗತಿ ಮಾತ್ರ ಗಮನಿಸು, ವರ್ಷವಿಡೀ ಇದನ್ನು ಅವಳು ಜೀವದ ಗೆಳೆಯರಿಗೂ ಹೇಳಿರ್ಲಿಲ್ಲ, ಹೇಳಬಾರ್ದು ಅಂತ ಟೀಚರಿಗೆ ಮಾತು ಕೊಟ್ಟಿದ್ಲು. ನಿಂಗೆ ಅಂಥ ಕಟ್ಟು ಇಲ್ಲ. ಇವತ್ತೇ ಅಮ್ಮನ ಹತ್ರ, ಕ್ಲಾಸ್ ಟೀಚರ್ ಹತ್ರ ಹೇಳು, ಯಾವ ಟೆಸ್ಟ್ ಬಿಡಬಹುದು ಅಂತ ಕೂತು ನೋಡಿ. ನಿದ್ದೆಯನ್ನು ಮಾತ್ರ ಬಿಡುದು ಬೇಡ.

ಪ್ರಶ್ನೆ: ಹಾಸ್ಟೆಲಲ್ಲಿದ್ದೇನೆ. ಕೆಲವು ತಿಂಗಳಿಂದ ಯಾವುದ್ರಲ್ಲೂ ಖುಷಿ ಇಲ್ಲ, ಊಟ ಸೇರುದಿಲ್ಲ, ಒಳಗೆಲ್ಲಾ ತಣ್ಣಗೆ. ಡಿಮೆಂಟರ್ ಹತ್ರ ಬಂದ ಹಾಗೆ. ಬೇರೆಯವರು ಆರಾಮ ಇದ್ದಾರೆ, ನಾನೇ ವೀಕ್ ಅನ್ನಿಸ್ತದೆ.
— ಹೆಸರು ಬೇಡ, ಮಣಿಪಾಲ

ಉತ್ತರ: ನೀವು ಬರೆದದ್ದು ತುಂಬಾ ಒಳ್ಳೇದಾಯ್ತು. ಡಿಮೆಂಟರ್ ಅಂದ್ರೆ ಹತ್ರ ಬಂದವರ ಸಂತೋಷವನ್ನೆಲ್ಲಾ ಹೀರುವ ಜೀವಿ, ತನಗಿದ್ದ ಖಿನ್ನತೆಯಿಂದಲೇ ಅದನ್ನು ಸೃಷ್ಟಿ ಮಾಡಿದ್ದು ಅಂತ ರೌಲಿಂಗ್ ಅವರೇ ಹೇಳಿದ್ದಾರೆ. ಹಾಗಾಗಿ ನಿಮ್ಮ ಹೋಲಿಕೆ ಸರಿಯಾಗಿಯೇ ಉಂಟು. ರೈಲಲ್ಲಿ ಡಿಮೆಂಟರ್ ಬಂದಾಗ ಎಲ್ಲರಿಗೂ ಚಳಿ ಆದ್ರೆ ಹ್ಯಾರಿ ಮೂರ್ಛೆ ಬೀಳ್ತಾನೆ, ಮತ್ತೆ ಶಾಲೆಯಲ್ಲಿ ಬೇರೆಯವರು ಅಣಕಿಸ್ತಾರೆ. ನಾನೇ ವೀಕಾ ಅಂತ ಅವನೂ ನಿಮ್ಮ ಹಾಗೇ ಕೇಳ್ತಾನೆ. ಲುಪಿನ್ ಮೇಷ್ಟ್ರು ಹೇಳುದು, ಇದಕ್ಕೂ ವೀಕ್‌ನೆಸ್ಸಿಗೂ ಸಂಬಂಧವೇ ಇಲ್ಲ, ಬೇರೆಯವರು ಕಾಣದಷ್ಟು ಭಯಂಕರ ನಿನ್ನ ಹಿಂದೆ ನಡೆದಿದೆ ಅಂತ. ಆ ಮಾತನ್ನು ನಿಮಗೂ ಹೇಳ್ತೇನೆ.

ಇನ್ನೊಂದು. ಡಿಮೆಂಟರನ್ನು ಓಡಿಸುವ ಮಂತ್ರ ಹ್ಯಾರಿ ಒಬ್ಬನೇ ಕೂತು ಕಲಿತದ್ದಲ್ಲ, ಲುಪಿನ್ ಹತ್ರ ಪಾಠಕ್ಕೆ ಹೋಗಿ, ಪುನಃ ಪುನಃ ಬಿದ್ದು, ಚಾಕಲೇಟ್ ತಿಂದು ಎದ್ದು ಕಲಿತದ್ದು. ನಿಮಗೂ ಗೊತ್ತಿರುವವರೇ ಬೇಕು, ಅಂದ್ರೆ ಡಾಕ್ಟ್ರು. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಉಂಟು, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಲ್ಲಿ ನಿಮಗೆ ವಿಶ್ವಾಸ ಇರುವ ಒಬ್ರಿಗಾದ್ರೂ ಇವತ್ತು ಹೇಳಿ. ಬದುಕುದೇ ಬೇಡ ಅಂತ ಯಾವಾಗಾದ್ರೂ ಅನ್ನಿಸಿದ್ರೆ ಒಂದು ಕ್ಷಣವೂ ಒಬ್ರೇ ಇರಬೇಡಿ, ಆ ಫ್ರೆಂಡನ್ನು ಕರ್ಕೊಂಡು ಸೀದಾ ಹತ್ರದ ಆಸ್ಪತ್ರೆಗೆ ಹೋಗಿ. ಆಮೇಲೆ ನಂಗೆ ಇನ್ನೊಂದು ಪತ್ರ ಬರೀರಿ, ಕಾಯ್ತೇನೆ.

ಪ್ರಶ್ನೆ: ಮಗಳು ಏಳೂ ಪುಸ್ತಕ ಓದಿದ್ದಾಳೆ. ಆದ್ರೆ ಮನೆ ಕೆಲಸಕ್ಕೆ ಬರುವವರ ಹತ್ರ ಅವಳು ಮಾತಾಡುದು ಕೇಳಿದ್ರೆ ಬೇಜಾರಾಗ್ತದೆ. ಹೇಗೆ ತಿದ್ದುದು?
— ಒಬ್ಬ ತಂದೆ, ಕದ್ರಿ

ಉತ್ತರ: ಕ್ರೀಚರ್ ಯಾರು ಅಂತ ಅವಳನ್ನೇ ಕೇಳಿ. ಸಿರಿಯಸ್ ಅನ್ನುವ ಒಳ್ಳೆ ಮನುಷ್ಯನ ಮನೆಯ ಆಳು, ಮನೆಗೆಲಸಕ್ಕೇ ಹುಟ್ಟಿದವರು ಅಂತ ಮಂತ್ರವಾದಿಗಳು ನೋಡುವ ಜಾತಿ ಅದು. ಸಿರಿಯಸ್ ಊರಿಗೆಲ್ಲಾ ಒಳ್ಳೆಯವ, ಈ ಕ್ರೀಚರನ್ನು ಮಾತ್ರ ಮನುಷ್ಯರ ಹಾಗೆ ನೋಡ್ಲೇ ಇಲ್ಲ, ಅದರಿಂದಲೇ ಅವನ ಜೀವ ಹೋಯ್ತು. ಏಳನೇ ಪುಸ್ತಕದಲ್ಲಿ ಹ್ಯಾರಿ ಅದೇ ಕ್ರೀಚರನ್ನು ಕೂರಿಸಿ ಅವನ ಕಥೆ ಕೇಳ್ತಾನೆ, ಅವನು ಪ್ರೀತಿಸಿದ ಯಜಮಾನನ ಲಾಕೆಟ್ ಅವನ ಕೈಗೆ ಕೊಡ್ತಾನೆ. ಆಮೇಲೆ ಆ ಮನೆಯೇ ಬದಲಾಗ್ತದೆ. ನಿಮ್ಮ ಮನೆಗೆ ಬರುವವರ ಊರು ಯಾವುದು, ಮಕ್ಕಳು ಎಂತ ಓದ್ತಾರೆ ಅಂತ ಮಗಳಿಗೆ ಗೊತ್ತುಂಟಾ? ನಿಮಗೆ? ಅವರಿಗೆ ಚಾ ಕೊಡುವ ಲೋಟ ಬೇರೆ ಇಟ್ಟಿದ್ದೀರಾ ಅಂತ ಅಡಿಗೆ ಮನೆಗೆ ಹೋಗಿ ನೋಡಿ. ಮಕ್ಕಳು ಮಾತು ಕಲಿಯುದು ಅಲ್ಲಿಂದ.

ಪ್ರಶ್ನೆ: ಯಾವ ವಯಸ್ಸಿಗೆ ಕೊಡಬಹುದು? — ಬ್ರಹ್ಮಾವರ

ಉತ್ತರ: ಮೊದಲ ಮೂರು ಎಂಟೊಂಬತ್ತು ವರ್ಷಕ್ಕೆ ಆಗ್ತದೆ. ನಾಲ್ಕನೇದ್ರ ಕೊನೆಗೆ ಒಬ್ಬ ಹುಡುಗ ಸಾಯ್ತಾನೆ, ಅಲ್ಲಿಂದ ಕಥೆ ಕತ್ತಲಾಗ್ತಾ ಹೋಗ್ತದೆ, ಒಂದೆರಡು ವರ್ಷ ಬಿಟ್ಟು ಕೊಡಿ. ನೀವೂ ಜೊತೆಗೆ ಓದಿ.

ಪ್ರಶ್ನೆ: ಅಕ್ಕಾ, ಏಳೂ ಓದಿ ಮುಗಿಸಿದೆ! ಕ್ವಿಝ್ ಮಾಡಿದ್ರೆ ನಂಗೆ ಯಾವಾಗ್ಲೂ ಸ್ಲಿದರಿನ್ ಬರ್ತದೆ. ಕ್ಲಾಸಲ್ಲಿ ನೆಗಾಡ್ತಾರೆ. ನಾನು ಕೆಟ್ಟವಳಾ?
— 7ನೇ ಕ್ಲಾಸ್, ಬೆಜೈ

ಉತ್ತರ: ಅಲ್ಲವೇ ಅಲ್ಲ ಪುಟ್ಟಾ. ಓದದವರಿಗೆ ಹೇಳುದಾದ್ರೆ, ಹಾಗ್ವಾರ್ಟ್ಸ್‌ನಲ್ಲಿ ಮಕ್ಕಳನ್ನು ನಾಲ್ಕು ಬಳಗಕ್ಕೆ ಹಂಚುದು ಒಂದು ಮಂತ್ರದ ಟೊಪ್ಪಿ, ಅದ್ರಲ್ಲಿ ಸ್ಲಿದರಿನ್ ಬಳಗಕ್ಕೆ ಕೆಟ್ಟ ಹೆಸರು. ಹ್ಯಾರಿಯನ್ನೂ ಆ ಟೊಪ್ಪಿ ಸ್ಲಿದರಿನ್‌ಗೆ ಹಾಕ್ಲಿಕ್ಕೆ ನೋಡಿತ್ತು, ಬೇಡ ಅಂತ ಅವನೇ ಕೇಳಿಕೊಂಡದ್ದು. ಹ್ಯಾರಿಯ ಅಪ್ಪ ಅಮ್ಮ ಅಡಗಿದ್ದ ಜಾಗದ ಗುಟ್ಟು ವೋಲ್ಡೆಮಾರ್ಟ್‌ಗೆ ಹೇಳಿದ ಪೀಟರ್ ಗ್ರಿಫಿಂಡರ್‌ನವ, ಜೀವ ಕೊಟ್ಟು ಅದೇ ವೋಲ್ಡೆಮಾರ್ಟ್‌ಗೆ ತಿರುಗಿ ನಿಂತ ರೆಗ್ಯುಲಸ್ ಸ್ಲಿದರಿನ್‌ನವ. ಕೊನೇ ಅಧ್ಯಾಯದಲ್ಲಿ ಹ್ಯಾರಿಯ ಎರಡನೇ ಮಗ ರೈಲು ಹತ್ತುವ ಮೊದಲು ನಿನ್ನ ಹಾಗೇ ಹೆದರಿ ಕೇಳ್ತಾನಲ್ಲ, ಆಗ ಹ್ಯಾರಿ ಎಂತ ಹೇಳಿದ್ದು ನೆನಪುಂಟಾ? ನಿಂಗೆ ಯಾರ ಹೆಸರು ಇಟ್ಟಿದ್ದೇವೋ ಅವರಲ್ಲಿ ಒಬ್ರು ಸ್ಲಿದರಿನ್‌ನವರು, ಅವರಷ್ಟು ಧೈರ್ಯಸ್ಥರು ಬೇರೆ ಇಲ್ಲ ಅಂತ. ನೆಗಾಡುವವರು ಇನ್ನೂ ಅಷ್ಟು ದೂರ ಓದಿರ್ಲಿಕ್ಕಿಲ್ಲ, ನಿನ್ನ ಏಳನೇ ಪುಸ್ತಕ ಅವರಿಗೆ ಓದ್ಲಿಕ್ಕೆ ಕೊಡು.