ಆಯಿಯ ಕೌದಿ ಇಟ್ಟುಕೊಂಡು ಭಾವನೆಗಳ ಇತಿಹಾಸ ಬರೆಯಬಹುದಾ?

ಬರೆಯಬಹುದು. ಆದರೆ ದಯವಿಟ್ಟು ಅದನ್ನು ಒಗೆಯಬೇಡಿ.

ಎಂ.ಎ. ಪ್ರಬಂಧಕ್ಕೆ ನಿಮ್ಮ ಆಯಿಯ, ಅಂದರೆ ಅಜ್ಜಿಯ ಕೌದಿ (ಹಳೆ ಬಟ್ಟೆ ಕೂಡಿಸಿ ಹೊಲಿದ ಹಾಸು-ಹೊದಿಕೆ) ತಗೊಳ್ಳಲೋ, ಗಟ್ಟಿ ದಾಖಲೆ ಅನಿಸುವ ಪತ್ರ-ಡೈರಿ ಸಿಗುವ ಬೇರೆ ವಿಷಯ ಹುಡುಕಲೋ, ಯಾವ ಥಿಯರಿ ಮೊದಲು ಓದಲಿ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹೊತ್ತು ಧಾರವಾಡದ ಲೈಬ್ರರಿಗಳನ್ನು ಸುತ್ತಿದವಳು.

ಗದಗ ಕಡೆಯ ನಮ್ಮ ದೊಡ್ಡವ್ವನ ಟ್ರಂಕಿನಲ್ಲಿ ಒಂದು ಹಳೆ ಕೌದಿ ಇತ್ತು. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಕಿ, ಮೇಲೆ ತುಂಡು ಕೂಡಿಸಿ ಕೈಯಲ್ಲಿ ಹೊಲಿದದ್ದು. ಕೇಳಿ ಧಾರವಾಡಕ್ಕೆ ತಂದೆ. ಕಮಟು ವಾಸನೆ, ತುಂಬಾ ಕಲೆ. ಗೈಡ್‌ಗೆ ತೋರಿಸಬೇಕು, ಫೋಟೊ ಚೆನ್ನಾಗಿ ಬರಬೇಕು ಅಂತ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ರಾತ್ರಿಯೆಲ್ಲ ನೆನೆಸಿಟ್ಟೆ. ಬೆಳಿಗ್ಗೆ ಕಲ್ಲಿಗೆ ಕುಕ್ಕಿ ಒಗೆದೆ.

ಏನು ಹೋಯಿತು ಅಂತ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಬೇಕಾಗಿರುವುದೇ ಇದು. ಒಂದು ತುದಿಯಲ್ಲಿ ಎಣ್ಣೆಯ ಕಲೆ ಇತ್ತು. ಅದು ತಲೆ ಇಡುವ ಕಡೆ. ಅಂದರೆ ಈ ಕೌದಿಗೆ ತಲೆ-ಕಾಲು ಗೊತ್ತಾಗಿತ್ತು, ದಿನಾ ಒಂದೇ ದಿಕ್ಕಿಗೆ ಹಾಸುತ್ತಿದ್ದರು. ನಡುವೆ ಒಂದು ಪಕ್ಕಕ್ಕೆ ಮಾತ್ರ ಕೂಸಿನ ಉಚ್ಚೆಯ ಹಳದಿ ವರ್ತುಲಗಳು, ಒಂದರ ಮೇಲೊಂದು. ಅಂದರೆ ತಾಯಿ ಯಾವ ಮಗ್ಗುಲಿಗೆ ಮಲಗುತ್ತಿದ್ದಳು ಅಂತ ಹೇಳಬಹುದಿತ್ತು. ಅಲ್ಲಲ್ಲಿ ಅರಿಶಿನ. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ, ಹಾಗೇ ಆಯಿತು, ಆಮೇಲೆ ಮಾಸಿತು. ಕೆಂಪು ತುಂಡಿನ ಬಣ್ಣ ಬಿಟ್ಟು ಪಕ್ಕದ ಬಿಳಿ ಧೋತರಕ್ಕೆ ಹತ್ತಿತು. ಯಾವ ತುಂಡು ಮೊದಲಿನದು, ಯಾವುದು ಆಮೇಲೆ ಹಚ್ಚಿದ ತೇಪೆ ಅಂತ ಬಣ್ಣ ನೋಡಿ ಹೇಳುವ ದಾರಿ ಮುಚ್ಚಿತು. ನಾನು ಕಮಟು ಅಂದುಕೊಂಡದ್ದರಲ್ಲಿ ಲೋಬಾನದ ಹೊಗೆಯೂ ಇತ್ತು. ಅದೂ ಹೋಯಿತು. ಮೊದಲು ಮೊಬೈಲಿನಲ್ಲಿ ತೆಗೆದಿದ್ದ ಮಸುಕು ಫೋಟೊ ಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

ಊರಿಗೆ ವಾಪಸ್ ಒಯ್ದಾಗ ದೊಡ್ಡವ್ವ ಬಿಡಿಸಿ ನೋಡಿ, "ಇದನ್ಯಾಕ ಒಗದಿ ಯವ್ವಾ? ನಮ್ಮ ಮನಿ ಬಾಣಂತ್ಯಾರ ಕೌದಿ ಇದು" ಅಂದಳು. ಮಗಳು, ಸೊಸೆ, ಮೊಮ್ಮಗಳು ಎಲ್ಲರ ಬಾಣಂತನ ಅದರ ಮೇಲೆಯೇ ಆಗಿತ್ತು. ಗೈಡ್ ಸಾಕ್ಷಿ ಕೇಳಿದರು. ದೊಡ್ಡವ್ವನ ಮಾತು ಇತ್ತು, ಆ ಮಾತಿಗೆ ಜೋಡಿಯಾಗುವ ಕಲೆಗಳು ಇರಲಿಲ್ಲ. ಆ ಅಧ್ಯಾಯವನ್ನೇ ಕೈಬಿಟ್ಟೆ.

ಇನ್ನು ಪತ್ರ-ಡೈರಿ. ವಸ್ತುಗಳಿಗಿಂತ ಅವು ಗಟ್ಟಿ ದಾಖಲೆ ಅನ್ನುವ ನಿಮ್ಮ ನಂಬಿಕೆ ನನಗೆ ಒಪ್ಪಿಗೆ ಇಲ್ಲ. ನಮ್ಮ ಆಯಿಯರ ಕಾಲದಲ್ಲಿ ಈ ಕಡೆ ಓದು-ಬರಹ ಕಲಿತ ಹೆಂಗಸರು ಎಷ್ಟು ಜನ? ಪತ್ರ ಹುಡುಕಿದರೆ ಶಾಲೆ ಕಲಿತ ಗಂಡಸರ ದುಃಖವೇ ಜಾಸ್ತಿ ಸಿಗುತ್ತದೆ. ಹೆಂಗಸರು ಬರೆದದ್ದು ಸೂಜಿಯಲ್ಲಿ. ಮನೆಯಲ್ಲಿ ಕಸೂತಿ ಹಾಕಿದ ಚಂದ್ರಕಾಳಿ ಅನ್ನುವ ಕಪ್ಪು ಸೀರೆ ಇದ್ದರೆ ತಿರುಗಿಸಿ ನೋಡಿ. ಗವಂತಿ, ಮುರ್ಗಿ ಅನ್ನುವ ಕಸೂತಿ ಹೊಲಿಗೆಗಳಲ್ಲಿ ಗಂಟು ಇರುವುದಿಲ್ಲ, ಎರಡೂ ಬದಿ ಒಂದೇ ಥರ. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸಿ ಅದನ್ನು ಹಾಕಿದವಳ ಕಣ್ಣು, ಕುತ್ತಿಗೆ ಎಷ್ಟು ನೊಂದಿರಬೇಡ! ದೇಹದ ಇತಿಹಾಸ ಅಲ್ಲಿಂದ ಶುರು.

ಆದರೆ ಕಲೆ ಕಂಡ ಕಡೆಯೆಲ್ಲ ಕಣ್ಣೀರು ಓದಬೇಡಿ. ಲಂಡನ್ನಿನಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಅಂತ ಒಂದು ಅನಾಥಾಲಯವಿತ್ತು. 1741ರಿಂದ ಅಲ್ಲಿಗೆ ಕೂಸುಗಳನ್ನು ತಗೊಳ್ಳತೊಡಗಿದರು. ಮುಂದೆ ಗುರುತಿಗಿರಲಿ ಅಂತ ದಾಖಲೆಯ ಹಾಳೆಗೆ ಒಂದು ತುಂಡು ಬಟ್ಟೆ ಸೇರಿಸುತ್ತಿದ್ದರು. ಅಂಥ ಸುಮಾರು 5,000 ತುಂಡುಗಳು ಇವತ್ತಿಗೂ ಇವೆ. ನೋಡಿದರೆ ಹೊಟ್ಟೆ ಕಲಸುತ್ತದೆ. ಆದರೆ ಎಷ್ಟೋ ತುಂಡುಗಳನ್ನು ಅಲ್ಲಿನ ಸಿಬ್ಬಂದಿಯೇ ಕೂಸಿನ ಬಟ್ಟೆಯಿಂದ ಕತ್ತರಿಸಿದ್ದು. ತಾಯಿ ತಾನೇ ಆರಿಸಿ ಕೊಟ್ಟದ್ದು ಯಾವುದು, ಕಚೇರಿಯ ಪದ್ಧತಿ ಯಾವುದು ಅಂತ ಬೇರೆ ಮಾಡದೆ ಪ್ರೀತಿಯ ಬಗ್ಗೆ ಬರೆದರೆ ಅದು ನಮ್ಮ ಪ್ರೀತಿ, ಅವಳದ್ದಲ್ಲ.

ಬಟ್ಟೆಯ ಕೊಳೆಗೆ ಇನ್ನೊಂದು ಮುಖವೂ ಇದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಂಡಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮುಂಬಯಿ ಪ್ರಾಂತ್ಯದ ಅಧಿಕಾರಿಗಳು ಮನೆ ಹೊಕ್ಕು ಹಾಸಿಗೆ-ಬಟ್ಟೆ ಸುಡಿಸುತ್ತಿದ್ದರು, ಔಷಧದ ನೀರಿಗೆ ಅದ್ದಿಸುತ್ತಿದ್ದರು. ಅದೇ ಕೊಳೆ ಮನೆಯವರಿಗೆ ತಮ್ಮವರ ಮೈ ಗುರುತು, ಸರಕಾರಕ್ಕೆ ರೋಗ. ನಿಮ್ಮ ಮನೆಯಲ್ಲಿ ಆ ಕಾಲದ ಹಾಸಿಗೆಯ ಬಗ್ಗೆ ಹಿರಿಯರಿಂದ ಕೇಳಿದ ನೆನಪು ಯಾರಿಗಾದರೂ ಇದೆಯಾ, ಕೇಳಿ. ನನಗಿದು ತುಂಬಾ ಮುಖ್ಯ ಅನಿಸುತ್ತದೆ.

ಥಿಯರಿ ಆಮೇಲೆ ಓದಿ. ಭಾವನೆಗೂ ಇತಿಹಾಸ ಇದೆ ಅಂತ ಫ್ರೆಂಚ್ ಇತಿಹಾಸಕಾರ ಲೂಸಿಯೆಂ ಫೆವ್ರ್ 1941ರಲ್ಲೇ ವಾದ ಮಾಡಿದ್ದರು. ಭಾವನೆ ಅನ್ನುವುದು ಮೈ ರೂಢಿಯಿಂದ ಮಾಡುವ ಕೆಲಸ ಅಂತ ಮಾನವಶಾಸ್ತ್ರದ ವಿದ್ವಾಂಸೆ ಮೋನಿಕ್ ಶೀರ್ 2012ರಲ್ಲಿ ಬರೆದರು. ಇಬ್ಬರೂ ಬೇಕು. ಆದರೆ ಮೊದಲು ಬೇಕಾದದ್ದು ಅಮೆರಿಕದ ಕಲಾ ಇತಿಹಾಸಕಾರ ಜೂಲ್ಸ್ ಪ್ರೌನ್ 1982ರಲ್ಲಿ ಹೇಳಿದ ಕ್ರಮ: ಇದ್ದದ್ದನ್ನು ಇದ್ದ ಹಾಗೆ ವಿವರಿಸಿ, ಆಮೇಲೆ ಅದರಿಂದ ತಿಳಿಯುವುದನ್ನು ತಿಳಿಯಿರಿ, ಊಹೆ ಕೊನೆಗೆ. ತೂಕ, ಅಳತೆ, ವಾಸನೆ, ಸವೆದ ಜಾಗ, ಹೊಲಿಗೆ ಎಲ್ಲಿ ಬಿಗಿ ಎಲ್ಲಿ ಸಡಿಲ, ಎಷ್ಟು ಕೈಗಳ ಹೊಲಿಗೆ, ಎಲ್ಲ ಬರೆಯಿರಿ. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಯಾರು ಅದನ್ನು ಮುಟ್ಟುವ ಹಾಗಿರಲಿಲ್ಲ, ಯಾವ ದಿನಗಳಲ್ಲಿ ಹೊರಗೆ ತೆಗೆಯುತ್ತಿದ್ದರು ಅಂತ ಆಯಿಯನ್ನೇ ಕೇಳಿ. ಕೌದಿ ಅವರ ತೊಡೆಯ ಮೇಲೆ ಇರಲಿ, ಕೈ ಆಡಿದ ಕಡೆ ಮಾತು ಬರುತ್ತದೆ.

ವಿವರಣೆ ಬರೆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಬಾಣಂತನದ ಸಂಗತಿ ಬಂದರೆ ಮನೆಯವರ ಹೆಸರು ಮಾತ್ರ ಹಾಕಬೇಡಿ, ಆಯಿಯ ಒಪ್ಪಿಗೆ ಕೇಳಿಯೇ ಬರೆಯಿರಿ.